ನಾನು ಅಳಿಸಿದ ವೃತ್ತ

ದೆವ್ವ, ಶಕುನ, ಮೈಮೇಲೆ ಬರುವುದು ಇಂಥ ಮಾತು ಬೈಠಕಿನಲ್ಲಿ ಶುರುವಾದರೆ ನಾನು ಎಲೆಅಡಿಕೆಯ ತಬಕು ಹುಡುಕುವ ನೆಪ ಮಾಡಿ ಎದ್ದುಹೋಗುತ್ತಿದ್ದೆ. ಅಳತೆಗೆ ಸಿಗದ್ದು ಇಲ್ಲವೇ ಇಲ್ಲ ಎಂಬುದು ನನ್ನ ಹಟ. ಮುಂಬಯಿಯಲ್ಲಿ ಕಟ್ಟಡಗಳ ನಕ್ಷೆ ತೆಗೆಯುವುದನ್ನು ಕಲಿತು ಬಂದವನು. ತುಸು ಸೊಕ್ಕೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ದೆವ್ವವನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಎದ್ದುಹೋಗುವುದನ್ನು ಬಿಟ್ಟಿದ್ದೇನೆ, ಕೂತು ಕೇಳುತ್ತೇನೆ.

ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮೊದಲಿನ ಸಂಗತಿ. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಅರಳೆ ವ್ಯಾಪಾರದ ಸಾವುಕಾರರೊಬ್ಬರು ಹಳೆಯ ವಾಡೆಯೊಂದನ್ನು ಕೊಂಡಿದ್ದರು. ಅದನ್ನು ಕೆಡವಿ, ಮುಂಬಯಿಯಲ್ಲಿರುವಂಥ ಮೂರು ಅಂತಸ್ತಿನ ಕಟ್ಟಡ ಎಬ್ಬಿಸಿ, ಹನ್ನೆರಡು ಸಂಸಾರಗಳಿಗೆ ಬಾಡಿಗೆಗೆ ಕೊಡಬೇಕೆಂಬುದು ಅವರ ಮನಸ್ಸು. ಸುತ್ತ ಎಲ್ಲ ಮಣ್ಣಿನ ಮಾಳಿಗೆಯ ಮನೆಗಳು. ಅವುಗಳ ನಡುವೆ ಸಿಮೆಂಟಿನ ಕಟ್ಟಡ ಬೇರೆ ಊರಿನ ನೆಂಟನ ಹಾಗೆ ನಿಲ್ಲಬಾರದೆಂದು ನಾನು ಬಹಳ ತಲೆ ಕೆಡಿಸಿಕೊಂಡೆ. ಬೀದಿಯ ಕಡೆಗೆ ಕೂಡುವ ಕಟ್ಟೆಯನ್ನೂ ಮರದ ಕಂಬಗಳನ್ನೂ ಉಳಿಸಿದೆ. ನಡುವಿನ ಅಂಗಳವನ್ನು ಬೆಳಕಿಗೆ ಬಿಟ್ಟು, ಅದರ ಈಶಾನ್ಯ ಮೂಲೆಯಿಂದ ಮೆಟ್ಟಿಲು ಏರಿಸಿದೆ. ನನ್ನ ಸ್ವಂತ ಹೆಸರಿನ ಮೊದಲ ಕೆಲಸ ಅದು.

ವಾಡೆಯನ್ನು ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿದವನು ಗೌಂಡಿ ಎಲ್ಲಪ್ಪ. ಐವತ್ತು ದಾಟಿದವನು. ಅರ್ಧ ಹುಬ್ಬಳ್ಳಿಯ ಗೋಡೆಗಳು ತನ್ನ ಕೈಯಿಂದ ಎದ್ದವೆಂದು ಹೇಳಿಕೊಳ್ಳುತ್ತಿದ್ದ, ಅದರಲ್ಲಿ ಸುಳ್ಳು ಕಡಿಮೆ.

“ರಾಯರ, ಕಾಳಿನ ವ್ಯಾಪಾರಸ್ತರು ಕಟ್ಟಿಸಿದ ವಾಡೇ ಇದು. ಎಲ್ಲೋ ಒಂದ ಕಡೆ ಹಗೇವು ಇರಾಕ ಬೇಕ್ರಿ,” ಎಂದ.

ಜೋಳ ತುಂಬಿಡಲು ನೆಲದೊಳಗೆ ಗಡಿಗೆಯ ಆಕಾರಕ್ಕೆ ತೋಡಿದ ಗುಂಡಿಯೇ ಹಗೇವು. ಬಹುಕಾಲ ಮುಚ್ಚಿದ ಹಗೇವಿನ ಗಾಳಿ ವಿಷ. ಬಾಯಿ ತೆರೆದು ಒಂದು ದಿನ ಬಿಡಬೇಕು, ಆಮೇಲೆ ಕಂದೀಲು ಇಳಿಬಿಡಬೇಕು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ನಮ್ಮ ಕಡೆ ಇದು ಕೂಸಿಗೂ ಗೊತ್ತು. ವಾಡೆ ಮಾರಿದ ಮನೆತನದವರು ಊರು ಬಿಟ್ಟಿದ್ದರು, ಕೇಳೋಣವೆಂದರೆ ಯಾರೂ ಇರಲಿಲ್ಲ. ಅಂಗಳಕ್ಕೆಲ್ಲ ಕಲ್ಲುಚಪ್ಪಡಿ ಹಾಸಿತ್ತು. ಸುತ್ತಾಡಿ ನೋಡಿದೆವು, ಬಾಯಿಯ ಗುರುತು ಎಲ್ಲಿಯೂ ಕಾಣಲಿಲ್ಲ.

ಆ ಸಂಜೆ ಮನೆಗೆ ಬಂದು ಅಳತೆಯ ಹಾಳೆ ಹರವಿದೆ. ಅಂಗಳದ ಈಶಾನ್ಯ ಮೂಲೆಯಲ್ಲಿ ಪೆನ್ಸಿಲಿನ ಒಂದು ವೃತ್ತವಿತ್ತು. ಪಕ್ಕದಲ್ಲಿ ‘ಆಳ ೧೪ ಅಡಿ’ ಎಂದು ಬರೆದಿತ್ತು. ಅಕ್ಷರ ನನ್ನದೇ, ನಾಲ್ಕಕ್ಕೆ ಉದ್ದ ಬಾಲ ಎಳೆಯುವ ಚಟ ನನಗೆ ಸಾಲಿಯ ದಿನದಿಂದ ಇದೆ. ಆ ದಿನ ನಾವು ಯಾವುದರ ಆಳವನ್ನೂ ಅಳೆದಿರಲಿಲ್ಲ. ಬಿಸಿಲಿಗೆ ತಲೆ ತಿರುಗಿ ಏನೋ ಗೀಚಿರಬೇಕೆಂದು ರಬ್ಬರಿನಿಂದ ಅಳಿಸಿದೆ.

ನಾಲ್ಕು ದಿನ ಕೂತು ಹೊಸ ಕಟ್ಟಡದ ನಕ್ಷೆಯನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಶಾಯಿಯಲ್ಲಿ ಇಳಿಸಿದೆ. ಕೊನೆಯ ಗೆರೆ ಆರಲೆಂದು ಊದುತ್ತ ಬಗ್ಗಿದಾಗ ನನ್ನ ಮೆಟ್ಟಿಲಿನ ಬುಡದಲ್ಲಿ ಅದೇ ವೃತ್ತ ಕಂಡಿತು, ಈ ಸಲ ಶಾಯಿಯಲ್ಲಿ. ಅದೇ ಹದಿನಾಲ್ಕು ಅಡಿ, ಅದೇ ಬಾಲದ ನಾಲ್ಕು. ಎಳೆದ ನೆನಪು ಎಳ್ಳಷ್ಟೂ ಇಲ್ಲ. ಮನೆಯಲ್ಲಿ ನನ್ನ ಮೇಜು ಮುಟ್ಟುವವರು ಯಾರೂ ಇರಲಿಲ್ಲ.

ಹೆದರಿದೆ, ಸುಳ್ಳು ಹೇಳುವುದಿಲ್ಲ. ಆದರೆ ಹೆದರಿಕೆಗಿಂತ ಸಿಟ್ಟು ಹೆಚ್ಚು. ಅಲ್ಲಿ ಹಗೇವು ಇದೆಯೆಂದಾದರೆ ಮೆಟ್ಟಿಲು ಸರಿಯಬೇಕು. ಮೆಟ್ಟಿಲು ಸರಿದರೆ ಅಂಗಳ ಕೆಡುತ್ತದೆ. ಅಂಗಳ ಕೆಟ್ಟರೆ ಇಡೀ ನಕ್ಷೆ ಕೆಟ್ಟ ಹಾಗೆ. ದಾಡಿಯ ಬ್ಲೇಡು ತಂದು ಆ ವೃತ್ತವನ್ನು ಕೆರೆದು ತೆಗೆದೆ. ಬಟ್ಟೆ ಅಷ್ಟು ಜಾಗದಲ್ಲಿ ಒರಟಾಯಿತು, ನನ್ನ ಮೆಟ್ಟಿಲು ಉಳಿಯಿತು.

ವಾಡೆ ಕೆಡವಿ ಚಪ್ಪಡಿ ಎತ್ತಿದ ಮೇಲೆ ಕೆಳಗೆ ಬರೀ ಗಟ್ಟಿ ಮಣ್ಣು ಕಂಡಿತು. ಬುನಾದಿ ಅಗೆಯುವ ದಿನ ಬೆಳಿಗ್ಗೆ ಎಲ್ಲಪ್ಪ ಮೆಟ್ಟಿಲು ಬರುವ ಈಶಾನ್ಯ ಮೂಲೆಯಲ್ಲಿ ನಿಂತಿದ್ದ.

“ಕಬ್ಬಣದ ಹಾರೀಲೆ ಬಡದು ಸಪ್ಪಳ ನೋಡೂಣೇನ್ರಿ? ಟೊಳ್ಳ ಇದ್ರ ಗೊತ್ತಾಕ್ಕೈತಿ.”

“ಅರ್ಧಾ ದಿನಾ ಹಾಳಾಗ್ತದ. ಎಲ್ಲಾ ಅಳದು ನೋಡೇನಿ, ಅಲ್ಲೇನೂ ಇಲ್ಲ. ಅಗೀಲಿಕ್ಕೆ ಹಚ್ಚು.”

“ನಕ್ಷಾದಾಗ ಇಲ್ಲಲ್ರಿ?”

“ಇಲ್ಲ.”

“ನೀವು ಅಂದ್ರ ಆತ ಬಿಡ್ರಿ,” ಎಂದು ಅವನು ಆಳುಗಳನ್ನು ಕರೆದ.

ನಾನು ಮಧ್ಯಾಹ್ನ ಊಟಕ್ಕೆ ಹೋದೆ. ತಿರುಗಿ ಬಂದಾಗ ಓಣಿಯ ತುಂಬ ಮಂದಿ. ಮೂಲೆಯ ಮಣ್ಣು ಒಮ್ಮೆಲೇ ಕುಸಿದು ಪಕ್ಕಕ್ಕೆ ಒಂದು ಕಿಂಡಿ ಬಿದ್ದಿತಂತೆ, ಗುದ್ದಲಿಯೊಂದು ಒಳಗೆ ಹೋಯಿತಂತೆ. ಒಬ್ಬ ಆಳು ಕಂದೀಲು ತರಲೇ ಎಂದು ಕೇಳಿದನಂತೆ. “ರಾಯರು ಅಳದಾರ, ಹಗೇವಲ್ಲೋ ಇದು. ಯಾವದೋ ಹಳೇ ನೆಲಮನಿ ಇದ್ದೀತು,” ಎಂದು ಹೇಳಿ ಎಲ್ಲಪ್ಪ ಗುದ್ದಲಿ ತರಲು ತಾನೇ ಹಗ್ಗ ಹಿಡಿದು ಇಳಿದನಂತೆ. ಅರ್ಧಕ್ಕೆ ಅವನ ಮಾತು ನಿಂತಿತಂತೆ.

ಕೊಕ್ಕೆ ಹಾಕಿ ಎಳೆದು ಅವನನ್ನು ಪಕ್ಕದ ಮನೆಯ ಕಟ್ಟೆಯ ಮೇಲೆ ಮಲಗಿಸಿದ್ದರು. ಎದೆಯ ಮೇಲೆ ಕೈಯಿಟ್ಟೆ. ಮೈ ಇನ್ನೂ ಬೆಚ್ಚಗಿತ್ತು, ಉಸಿರು ಇರಲಿಲ್ಲ.

ಮರುದಿನ ಕಂದೀಲು ಇಳಿಬಿಟ್ಟರು, ಅದು ಉರಿಯಿತು. ನಾನು ಮೇಲಿನಿಂದ ಟೇಪು ಬಿಟ್ಟೆ. ಹದಿನಾಲ್ಕು ಅಡಿ. ಕಣ್ಣು ಉಜ್ಜಿಕೊಂಡು ಇನ್ನೊಮ್ಮೆ ಅಳೆದೆ, ಅಷ್ಟೇ ಬಂತು.

ಯೋಚಿಸಿ ಯೋಚಿಸಿ ಸಾಕಾಗಿದೆ. ಅಂಗಳದಲ್ಲಿ ಓಡಾಡುವಾಗ ಟೊಳ್ಳಿನ ಸಪ್ಪಳವನ್ನು ನನಗೇ ಅರಿಯದಂತೆ ನನ್ನ ಕಾಲು ಕೇಳಿಸಿಕೊಂಡಿತು, ಕೈ ಗೀಚಿತು ಎಂದುಕೊಳ್ಳೋಣ. ವೃತ್ತಕ್ಕೆ ಅದು ಸಾಕು. ಆದರೆ ಆ ಹದಿನಾಲ್ಕು? ಕಾಲಿಗೆ ಅದು ಯಾರು ಹೇಳಿದರು? ರಬ್ಬರು ಉಜ್ಜಿದ ಆ ಹಾಳೆ ಇಂದಿಗೂ ನನ್ನ ಹತ್ತಿರ ಇದೆ. ಬೆಳಕಿಗೆ ಹಿಡಿದರೆ ನಾಲ್ಕರ ಬಾಲದ ಒತ್ತು ಕಾಣುತ್ತದೆ.

ಕಟ್ಟಡ ಎದ್ದಿತು. ಹಗೇವನ್ನು ಕಲ್ಲುಮಣ್ಣು ಹಾಕಿ ತುಂಬಿಸಿದರು. ಮೆಟ್ಟಿಲು ನಾನು ಬರೆದ ಜಾಗದಲ್ಲಿಯೇ ಇದೆ. ಓಣಿಗೆ ಒಪ್ಪುವ ಹಾಗೆ ಕಟ್ಟಿದ್ದೀರಿ ಎಂದು ಜನ ಹೊಗಳುತ್ತಾರೆ. ನಾನು ಆ ಓಣಿಗೆ ಹೋಗುವುದಿಲ್ಲ.

ಆಗ, ಎಲ್ಲಪ್ಪನ ದಿನಕರ್ಮ ಮುಗಿದ ಮೇಲೆ, ಅವನ ಹೆಂಡತಿ ದ್ಯಾಮವ್ವ ನನ್ನ ಮನೆಗೆ ಬಂದಿದ್ದಳು. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲಿನ ಆಚೆಯೇ ನಿಂತಳು. ನನ್ನ ಹಿಂದೆ ಮೇಜಿನ ಮೇಲೆ ಆ ಕೆರೆದ ಬಟ್ಟೆ ಹಾಗೆಯೇ ಬಿಚ್ಚಿಕೊಂಡಿತ್ತು.

“ರಾಯರ, ಅದು ನಕ್ಷಾದಾಗ ಇತ್ತೇನ್ರಿ?”

“ಇರಲಿಲ್ಲವ್ವಾ,” ಎಂದೆ.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಮುಖ ನೋಡಿ, ನನ್ನನ್ನೇ ಸಮಾಧಾನ ಮಾಡಿದಳು.

“ಹಂಗಾರ ನೀವ್ಯಾಕ ಮರಗತೀರಿ ಬಿಡ್ರಿ. ನೆಲದಾಗ ಇದ್ದದ್ದು ನಿಮಗರ ಹೆಂಗ ಗೊತ್ತಾಗಬೇಕು?”

ನನಗೆ ಗೊತ್ತಿತ್ತು. ಹೇಗೆ ಗೊತ್ತಾಯಿತೆಂಬುದು ಮಾತ್ರ ಇವತ್ತಿಗೂ ಗೊತ್ತಿಲ್ಲ.