ಗಾಜಿನ ಬೋರ್ಡಿನ ಮೇಲೆ ಸೀಮೆಸುಣ್ಣ

ಕೊಡ್ಲಿಪೇಟೆ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕಾತ್ಯಾಯನಿ ಮೇಡಂ ಸುಲಭಕ್ಕೆ ಹೆದರುವವರಲ್ಲ. ಒಮ್ಮೆ ತರಗತಿಗೆ ಹಾವು ಬಂದಾಗ ಮಕ್ಕಳನ್ನೆಲ್ಲ ಸಾಲಾಗಿ ಹೊರಗೆ ಕಳಿಸಿ, ಅದು ಕೇರೆಹಾವೆಂದು ಬಾಗಿಲಲ್ಲೇ ನಿಂತು ಪಾಠ ಮಾಡಿದವರು. ಆದರೆ ಒಂಬತ್ತನೇ ತರಗತಿಗೆ ಸ್ಮಾರ್ಟ್ ಬೋರ್ಡ್ ಬಂದ ಮೇಲೆ ಅವರಿಗೂ ಒಂದು ಭಯ ಶುರುವಾಯಿತು. ತರಬೇತಿಗೆ ಹೋದಲ್ಲಿ ಅವರು ಏನನ್ನೋ ಒತ್ತಿದ್ದೇ ಎಲ್ಲರೆದುರು ಪರದೆ ಕಪ್ಪಾಗಿತ್ತು. ತರಬೇತುದಾರ ನಕ್ಕು, "ಮುಟ್ಟಬೇಡಿ ಮೇಡಂ, ಕಾಸ್ಟ್ಲಿ ಐಟಂ" ಎಂದಿದ್ದ. ಊರಿಗೆ ಬಂದವರೇ ಬೋರ್ಡಿಗೆ ಮನೆಯ ಹಳೇ ಬೆಡ್‌ಶೀಟ್ ಹೊದಿಸಿಬಿಟ್ಟರು. ಕೇಳಿದವರಿಗೆಲ್ಲ, "ಧೂಳು ಕೂರುತ್ತೆ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಮೈದಾನದಲ್ಲಿ ಪಿ.ಟಿ. ಮಾಸ್ಟರ್ ರೇಣುಕಪ್ರಸಾದ್, ಒಂಬತ್ತನೇ ತರಗತಿಯ ದಿವ್ಯಶ್ರೀ ಉದ್ದ ಜಿಗಿಯುವುದನ್ನು ಫೋನಿನಲ್ಲಿ ಹಿಡಿದು, ನಿಧಾನಗತಿಯಲ್ಲಿ ಅವಳಿಗೇ ತೋರಿಸುತ್ತಿದ್ದರು. ಹಾದುಹೋಗುತ್ತಿದ್ದ ಕಾತ್ಯಾಯನಿ ಇಣುಕಿದರು. ಹುಡುಗಿ ಗಾಳಿಯಲ್ಲಿ ಮೆಲ್ಲಗೆ ಏರಿ, ತಡೆದಂತೆ ನಿಂತು, ಮರಳಿನತ್ತ ಬಾಗುತ್ತಿದ್ದಳು.

"ಇನ್ನೊಂದ್ಸಲ ಹಾಕಿ ಸರ್! ನಾನು ಇಷ್ಟು ವರ್ಷ ಗುರುತ್ವ ಬಲ ಅಂತ ಬಾಣ ಬರ್ದು ಬರ್ದು ಹೇಳಿದ್ದು ಇದನ್ನೇ ಅಲ್ವಾ!"

"ದೊಡ್ಡದಾಗಿ ನೋಡ್ಬೇಕು ಅಂದ್ರೆ ಆ ಬೆಡ್‌ಶೀಟ್ ತೆಗೀಬೇಕಾಗತ್ತೆ ಮೇಡಂ," ಎಂದರು ಮಾಸ್ಟರು.

ಮರುದಿನ ಮಾಸ್ಟರೇ ಬೆಡ್‌ಶೀಟ್ ತೆಗೆದು, ಬೋರ್ಡಿನಲ್ಲಿ ವಿಡಿಯೊ ಹಾಕಿಕೊಟ್ಟು, ಒತ್ತುವ ಜಾಗ ತೋರಿಸಿ ಮೈದಾನಕ್ಕೆ ನಡೆದರು. ಕಾತ್ಯಾಯನಿ ಬಿಸಿ ಪಾತ್ರೆ ಮುಟ್ಟುವಂತೆ ಬೆರಳ ತುದಿ ತಾಗಿಸಿದರು. ದಿವ್ಯಶ್ರೀ ಬೋರ್ಡಿನ ತುಂಬ ಹಾರಿದಾಗ ತರಗತಿಯೇ ಕೂಗಿಕೊಂಡಿತು. ಅವಳು ಏರುತ್ತಿರುವಾಗಲೇ ಮೇಡಂ ಚಿತ್ರ ನಿಲ್ಲಿಸಿದರು.

"ಈಗ ಭೂಮಿ ಇವಳನ್ನ ಎಳೀತಿದ್ಯಾ, ಇಲ್ವಾ?"

"ಮೇಲಕ್ಕೆ ಹೋಗ್ತಿದ್ದಾಳಲ್ಲ ಮೇಡಂ, ಅದು ಹೆಂಗೆ ಎಳೀತದೆ?" ಹಿಂದಿನ ಬೆಂಚಿನಿಂದ ಚಿದಾನಂದ ಕೇಳಿದ.

ಅಂಥ ಪ್ರಶ್ನೆ ಸಿಕ್ಕರೆ ಮೇಡಂಗೆ ಮೈಮೇಲೆ ಎಚ್ಚರವಿರುವುದಿಲ್ಲ. ಸೀಮೆಸುಣ್ಣ ಎತ್ತಿಕೊಂಡು, ಹಾರುತ್ತಿದ್ದ ಹುಡುಗಿಯ ಹೊಟ್ಟೆಯಿಂದ ಕೆಳಕ್ಕೆ ದಪ್ಪನೆಯ ಬಾಣ ಎಳೆದೇಬಿಟ್ಟರು. ಗಾಜು ಕಿರ್ರೆಂದಿತು.

"ಮೇಡಂ, ಅದು ಸ್ಮಾರ್ಟ್ ಬೋರ್ಡು!" ಎಂದಳು ದಿವ್ಯಶ್ರೀ.

ಕಾತ್ಯಾಯನಿ ಜಗಲಿಗೆ ಓಡಿ, "ಸರ್! ಬೋರ್ಡ್ ಹಾಳ್ಮಾಡ್ಬಿಟ್ಟೆ!" ಎಂದು ಕೂಗಿದರು. ಓಡಿ ಬಂದ ರೇಣುಕಪ್ರಸಾದ್ ಬೋರ್ಡ್ ನೋಡಿದರು, ಜೇಬಿನಿಂದ ಕರವಸ್ತ್ರ ತೆಗೆದು ಒರೆಸಿದರು. ಬಾಣ ಮಾಯವಾಯಿತು. ಗಾಜಿಗೆ ಗೀರೂ ಬಿದ್ದಿರಲಿಲ್ಲ.

"ಅಷ್ಟೇ ಮೇಡಂ."

"ಅಷ್ಟೇನಾ?"

ಮೇಡಂಗೆ ನಗು ತಡೆಯಲಾಗಲಿಲ್ಲ. ಮಕ್ಕಳೂ ನಕ್ಕರು. ಬೆರಳಿನಲ್ಲೇ ಬರೆಯುವುದನ್ನು ಮಾಸ್ಟರು ತೋರಿಸಿಕೊಟ್ಟರು. ಕೆಂಪು ಬಾಣವೊಂದು ಮೂಡಿತು. ಏರುವಾಗಲೂ ಇಳಿಯುವಾಗಲೂ ಅದು ಕೆಳಮುಖವೇ ಎಂಬುದು ಚಿದಾನಂದನಿಗೆ ಅಂದೇ ಮನದಟ್ಟಾಯಿತು.

ಈಗ ಬೋರ್ಡ್ ಮುಟ್ಟಲು ಹಿಂಜರಿಯುವ, ಕನ್ನಡ ಕಲಿಸುವ ವೀಣಾ ಮೇಡಂ ಕೈಹಿಡಿದು, "ಮುಟ್ಟಿ ವೀಣಾ, ಕಚ್ಚಲ್ಲ" ಎನ್ನುವವರೂ ಕಾತ್ಯಾಯನಿಯೇ.

ಮೊನ್ನೆ ಮನೆಯಲ್ಲಿ ಶಬ್ದದ ಪಾಠಕ್ಕೆಂದು, ದೇವಸ್ಥಾನದ ಅರ್ಚಕರಾದ ಗಂಡ ಜನಾರ್ದನರ ಪಂಚಪಾತ್ರೆಗೆ ನೀರು ತುಂಬಿಸಿ, ಅಂಚಿಗೆ ಚಮಚದಲ್ಲಿ ತಟ್ಟಿ, ನೀರಿನ ನಡುಕವನ್ನು ಫೋನಿನಲ್ಲಿ ಹಿಡಿಯುತ್ತಿದ್ದರು.

"ಪೂಜೆಗೆ ಹೊತ್ತಾಯ್ತು, ಕೊಡೇ ಅದನ್ನ."

"ಒಂದ್ನಿಮಿಷ ಇರಿ. ಇಲ್ನೋಡಿ, ನೀರು ಹೇಗೆ ಅಲೆ ಏಳತ್ತೆ."

ಜನಾರ್ದನರು ಬಗ್ಗಿ ನೋಡಿದರು. ಪಾತ್ರೆ ತೆಗೆದುಕೊಳ್ಳಲು ಚಾಚಿದ ಕೈ ಹಾಗೇ ನಿಂತಿತು.

"ಸರಿಯಾಗಿ ಕಾಣಿಸ್ಲಿಲ್ಲ. ಇನ್ನೊಂದ್ಸಲ ಹೊಡಿ."

ಅಂದು ದೇವಸ್ಥಾನದ ಬಾಗಿಲು ತೆರೆಯುವುದು ಸ್ವಲ್ಪ ತಡವಾಯಿತು.