ಅಬೊಟಾಬಾದಿನ ಮೇಷ್ಟ್ರ ಕಾರಿನಲ್ಲಿ

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಅಮೆರಿಕದ ಎಡಿಸನ್ ಊರಿನ ಹತ್ತಿರ ನನ್ನ ಕಾರು ಹಿಮದಲ್ಲಿ ಹೂತುಹೋಯಿತು. ಆ ದಾರಿಯಲ್ಲಿ ಬಂದವರೊಬ್ಬರು ಮನೆಯವರೆಗೆ ಬಿಡುತ್ತೇನೆಂದು ತಮ್ಮ ಕಾರಿಗೆ ಹತ್ತಿಸಿಕೊಂಡರು. ನಾನು ಮೈಸೂರಿನವನೆಂದೆ; ಅವರು ಪಾಕಿಸ್ತಾನದ ಅಬೊಟಾಬಾದಿನ ಮೇಷ್ಟ್ರಂತೆ. ಅಷ್ಟರಲ್ಲಿ ರೇಡಿಯೋದಲ್ಲಿ ನಮ್ಮಿಬ್ಬರ ದೇಶಗಳ ಯುದ್ಧದ ಸುದ್ದಿ ಬಂತು. ಅವರು ರೇಡಿಯೋ ಆರಿಸಿ, ಹತ್ತಿರದ ದಾರಿಯೆಂದು ಹೇಳಿ, ಹೈವೇ ಬಿಟ್ಟು ಕಾಡಿನ ಒಳದಾರಿಗೆ ತಿರುಗಿದರು. ನಾನು ಮೆಲ್ಲಗೆ ಬಾಗಿಲ ಹಿಡಿ ಹಿಡಿದುಕೊಂಡೆ.

“ನಮ್ಮೂರಲ್ಲೂ ಹೀಗೇ ಬೆಟ್ಟ, ಪೈನ್ ಮರ. ಬೋರ್ಡಿಂಗ್ ಸ್ಕೂಲುಗಳಿಂದಲೇ ಊರಿನ ಅಂಗಡಿಗಳು ನಡೆಯೋದು. ಹಿಮ ಬಿದ್ದರೆ ಚಿರತೆ ಶಾಲೆ ಹತ್ತಿರಕ್ಕೇ ಇಳಿಯುತ್ತೆ” ಎಂದರು.

“ಆಗ ಏನು ಮಾಡ್ತೀರಿ?”

“ಬಾಗಿಲು ಹಾಕಿಕೊಂಡು ಪಾಠ ಮಾಡ್ತೀವಿ.”

ಕಾಡು ಮುಗಿದು ನನ್ನ ಅಪಾರ್ಟ್‌ಮೆಂಟ್ ಕಾಣಿಸಿತು. ಅದು ನಿಜಕ್ಕೂ ಹತ್ತಿರದ ದಾರಿಯೇ.

“ತಪ್ಪು ತಿಳೀಬೇಡಿ. ಹೆದರಿದರೆ ನಾನು ವಿಪರೀತ ಮಾತಾಡ್ತೀನಿ” ಎಂದರು.

ನಾನು ಹೆದರಿ ದಾರಿಯುದ್ದಕ್ಕೂ ಬಾಗಿಲ ಹಿಡಿ ಹಿಡಿದುಕೊಂಡೇ ಕೂತಿದ್ದೆನೆಂದು ಅವರಿಗೆ ಹೇಳಲಿಲ್ಲ.