ತಿಮ್ಮರಾಜು ಮೇಷ್ಟ್ರು ಕೇಳಿದ ಟಿಸಿ

ತಿಮ್ಮರಾಜು ಮೇಷ್ಟ್ರು ನಮ್ಮೂರ ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಗಣಿತ ಹೇಳಿದರು. ಅಷ್ಟು ವರ್ಷದಲ್ಲಿ ನಾನು ಅವರ ಮೇಲೆ ಕೂಗಾಡಿದ್ದು ಒಂದೇ ಸಲ. ಅದರ ಫಲ ಉಂಡವಳು ನನ್ನ ದೊಡ್ಡಪ್ಪನ ಮಗಳು ನರಸಿಂಹಮ್ಮನ ಮಗಳು, ರಕ್ಷಾ.

ನಾನು ಓದಿದ್ದು ಐದನೇ ಕ್ಲಾಸು. ದೊಡ್ಡೇರಿ ರಸ್ತೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟ ಬೋರ್‌ವೆಲ್ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು ನನ್ನ ಕಸುಬು. ಸಿಟ್ಟು ನನ್ನ ಹುಟ್ಟುಗುಣ. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಗೆ ನನ್ನನ್ನು ಕಾರ್ಯಾಧ್ಯಕ್ಷನನ್ನಾಗಿ ಮಾಡಿದ್ದೂ ಆ ಸಿಟ್ಟು ನೋಡಿಯೇ. ಇವನು ಕೂಗಿದರೆ ಕೆಲಸ ಆಗುತ್ತದೆ ಎಂದು ಊರವರ ಲೆಕ್ಕ.

ಮೇಷ್ಟ್ರು ಪಾವಗಡದ ಆಚೆ, ಆಂಧ್ರದ ಗಡಿಯವರು. ಮನೆಯಲ್ಲಿ ತೆಲುಗು. ಪಾಠ ಕನ್ನಡದಲ್ಲೇ ಹೇಳಿದರೂ ಬೋರ್ಡಿನ ಮೇಲೆ ಕೂಡುವಾಗ ಮಾತ್ರ ಬಾಯಿ ತನ್ನಷ್ಟಕ್ಕೆ "ಒಕಟಿ, ರೆಂಡು, ಮೂಡು" ಅನ್ನುತ್ತಿತ್ತು. ಮಕ್ಕಳು ಕಿಸಕ್ಕನೆ ನಗುತ್ತಿದ್ದರು. "ನಗ್ರಿ ನಗ್ರಿ, ಲೆಕ್ಕಕ್ಕೆ ಯಾವ ಭಾಷೆಯಾದ್ರೇನು" ಎಂದು ಅವರೂ ನಗುತ್ತಿದ್ದರು. ಮೈನಸ್ ಸಂಖ್ಯೆ ಹೇಳಿಕೊಡಲು ಮಕ್ಕಳನ್ನು ಊರ ಬೋರ್‌ವೆಲ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ನೆಲ ಸೊನ್ನೆ, ಇಳಿದಷ್ಟೂ ಮೈನಸ್. "ನಮ್ಮ ಪಾವಗಡದಲ್ಲಿ ಮೈನಸ್ ಸಾವಿರ ಇಳಿದ್ರೂ ನೀರಿಲ್ಲ ಕಣ್ರೋ" ಅನ್ನುವರು.

ಒಮ್ಮೆ ಒಂಬತ್ತನೇ ಕ್ಲಾಸನ್ನು ನನ್ನ ಅಂಗಡಿಗೇ ಕರೆತಂದರು. ಮೋಟಾರಿನಲ್ಲಿ ಇಪ್ಪತ್ನಾಲ್ಕು ಸಂದು, ಒಂದೊಂದಕ್ಕೂ ನಲವತ್ತೆರಡು ಸುತ್ತು ತಂತಿ, ಒಟ್ಟು ಎಷ್ಟು? ಜಾಣ ಹುಡುಗರು ಪೆನ್ನು ಹುಡುಕುತ್ತಿರುವಾಗ, ಹಿಂದೆ ನಿಂತಿದ್ದ ರಕ್ಷಾ ಬೆರಳು ಮಡಚಿ "ಸಾವಿರದ ಎಂಟು" ಎಂದಳು. ಕಾಗದದ ಮೇಲೆ ಹನ್ನೊಂದು ಮಾರ್ಕ್ಸು ತೆಗೆಯುವ ಹುಡುಗಿ. ನನಗೆ ಆಗ ಹೆಮ್ಮೆಯಾಗಿತ್ತು. ಆಮೇಲೆ ಮರೆತೆ.

ಮುಂದಿನ ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಹಾಕಿದ್ದ ವರ್ಷ ಅದು. ಶೇಕಡಾ ತೊಂಬತ್ತೆರಡಿದ್ದ ನಮ್ಮ ಶಾಲೆ ನಲವತ್ತೊಂದಕ್ಕೆ ಬಿತ್ತು. ಮೊದಲು ತೊಂಬತ್ತೆರಡು ಹೇಗೆ ಬರುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಪರೀಕ್ಷೆ ದಿನ ಮೇಲ್ವಿಚಾರಕರಿಗೆ ಕೋಳಿಸಾರಿನ ಊಟ ನಮ್ಮೂರಿನಿಂದಲೇ ಹೋಗುತ್ತಿತ್ತು, ಕ್ಯಾರಿಯರ್ ಹೊತ್ತವನೂ ನಾನೇ.

ಮಧುಗಿರಿಯಲ್ಲಿ ಸಭೆ ಕರೆದರು. ಶಿರಾ, ಕೊರಟಗೆರೆ, ಪಾವಗಡದಿಂದೆಲ್ಲ ಹೆಡ್‌ಮಾಸ್ಟರುಗಳು, ನಮ್ಮಂಥ ಕಾರ್ಯಾಧ್ಯಕ್ಷರು ಬಂದಿದ್ದರು. ಬೆಂಗಳೂರಿನಿಂದ ಬಂದ ಅಧಿಕಾರಿ ಪರದೆಯ ಮೇಲೆ ಒಂದೊಂದು ಶಾಲೆಯ ಹೆಸರು ತೋರಿಸಿ ಎದ್ದು ನಿಲ್ಲಿಸಿದರು. ನಮ್ಮ ಹೆಸರು ಕೆಂಪು ಬಣ್ಣದಲ್ಲಿತ್ತು. "ಕಾರಣ ನನಗೆ ಬೇಡ. ಮುಂದಿನ ವರ್ಷ ಅರವತ್ತು ದಾಟಬೇಕು. ದಾಟದಿದ್ದರೆ ಶಿಕ್ಷಕರ ಬಡ್ತಿ, ಇನ್‌ಕ್ರಿಮೆಂಟ್ ಎಲ್ಲ ಮರೆತುಬಿಡಿ" ಎಂದರು. ನಮ್ಮ ಹೆಡ್‌ಮಾಸ್ಟರು ತಲೆ ತಗ್ಗಿಸಿದರು. ಹಿಂದಿನ ಸಾಲಿನಿಂದ ಒಬ್ಬ, "ಏನ್ ಸಾಮಿ, ಕ್ಯಾಮೆರಾ ನೋಡಿ ನಿಮ್ ಹುಡುಗ್ರು ನಾಚ್ಕೊಂಡ್ಬುಟ್ರಾ?" ಎಂದ. ಸುತ್ತಲಿದ್ದವರು ನಕ್ಕರು. ಆ ನಗು ನನ್ನ ತಲೆಗೆ ಏರಿತು.

ಟೀ ಕುಡಿಯುವಾಗ ಇನ್ನೊಂದು ಊರಿನ ಕಾರ್ಯಾಧ್ಯಕ್ಷ ಕಿವಿಯಲ್ಲಿ ಹೇಳಿದ: ಪರೀಕ್ಷೆಗೆ ಹೆಸರು ನೋಂದಾಯಿಸುವ ಮೊದಲೇ ದಡ್ಡ ಮಕ್ಕಳಿಗೆ ಟಿಸಿ ಕೊಟ್ಟು, ಪ್ರೈವೇಟಾಗಿ ಕಟ್ಟಿಸಿ. ಪಾಸಾದರೆ ಅವರ ಪುಣ್ಯ, ಫೇಲಾದರೆ ಶಾಲೆಯ ಲೆಕ್ಕಕ್ಕೆ ಬರುವುದಿಲ್ಲ. ಅಧಿಕಾರಿ ಹಾಗೆ ಮಾಡಿ ಎಂದಿರಲಿಲ್ಲ. ಅವರು ಕೇಳಿದ್ದು ಅರವತ್ತು. ಅಡ್ಡದಾರಿ ಹಿಡಿದವನು ನಾನು.

ಆ ವರ್ಷ ಹತ್ತನೇ ಕ್ಲಾಸಿನಲ್ಲಿ ಹತ್ತೊಂಬತ್ತು ಮಕ್ಕಳು. ಮಾರ್ಕ್ಸಿನಲ್ಲಿ ತೀರಾ ಹಿಂದೆ ಇದ್ದವರು ಇಬ್ಬರು, ಗಂಗಯ್ಯನ ಮಗಳು ಗಗನಾ ಮತ್ತು ನಮ್ಮ ರಕ್ಷಾ. ಇಬ್ಬರೂ ತಿಮ್ಮರಾಜು ಮೇಷ್ಟ್ರ ದತ್ತು. ಹಿಂದುಳಿದ ಮಕ್ಕಳನ್ನು ಶಿಕ್ಷಕರು ದತ್ತು ತೆಗೆದುಕೊಳ್ಳಬೇಕು, ಬೆಳಗಿನ ಜಾವ ಫೋನ್ ಮಾಡಿ ಓದಲು ಎಬ್ಬಿಸಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಬೇರೆಯವರು ವಾರವೊಂದು ಮಾಡಿ ಸುಮ್ಮನಾದರು. ಇವರು ಮಾತ್ರ ದಿನಾ ನಾಲ್ಕೂವರೆಗೆ ಮಿಸ್ಡ್ ಕಾಲ್ ಕೊಡುವರು, ಎದ್ದ ಮಗು ಒಂದು ಮಿಸ್ಡ್ ಕಾಲ್ ವಾಪಸ್ ಕೊಡಬೇಕು. ಕೊಡುವವರೆಗೂ ಬಿಡುತ್ತಿರಲಿಲ್ಲ.

ನಾನು ಮೊದಲು ನರಸಿಂಹಮ್ಮನ ಮನೆಗೇ ಹೋದೆ.

"ಪ್ರೈವೇಟಾಗಿ ಬರೆದ್ರೂ ಅದೇ ಪರೀಕ್ಷೆ, ಅದೇ ಪೇಪರು ಕಣಮ್ಮ. ಫಾರಂ ನಾನೇ ತುಂಬುಸ್ತೀನಿ. ನಿಂಗ್ಯಾಕೆ ಯೋಚ್ನೆ?"

"ಮೇಷ್ಟ್ರು ಬ್ಯಾಡ ಅಂತವ್ರಲ್ಲಣ್ಣ?"

"ಮೇಷ್ಟ್ರು ನಾಳೆ ವರ್ಗ ಆಗಿ ಹೋಯ್ತಾರೆ. ಊರಲ್ಲಿ ಇರೋನು ನಾನು."

"ಅಣ್ಣ ನೀನೇ ಹೇಳುದ್ಮೇಲೆ ಇನ್ನೇನು ಬುಡು" ಎಂದು ಸಹಿ ಹಾಕಿದಳು. ರಕ್ಷಾ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು.

ಮಾರನೆಯ ದಿನ ಗಗನಾಳ ಟಿಸಿಗಾಗಿ ಶಾಲೆಗೆ ಹೋದರೆ ಮೇಷ್ಟ್ರು ಅಂಗಳದಲ್ಲೇ ಅಡ್ಡ ನಿಂತರು.

"ರಂಗೇಶಣ್ಣ, ಒಬ್ಬಳನ್ನ ಕಳಿಸಿದ್ದು ಸಾಕು. ಗಂಗಯ್ಯ ಒಪ್ಪಿಲ್ಲ, ನಾನು ಬಿಡೋದಿಲ್ಲ. ರಕ್ಷಾನ್ನೂ ವಾಪಸ್ ಸೇರಿಸಿ."

"ನಮ್ಮೂರ ಮಾನ ಹೋಗಿರೋದು ನಿಮಗೇನ್ರೀ ಗೊತ್ತು? ಎಲ್ಲಿಂದ್ಲೋ ಬಂದ ತೆಲುಗು ಮೇಷ್ಟ್ರು! ನೆಟ್ಗೆ ಪಾಠ ಹೇಳಿದ್ರೆ ಯಾಕ್ರೀ ಬರ್ತಿತ್ತು ನಲವತ್ತೊಂದು?"

ಮಕ್ಕಳೆಲ್ಲ ಕಿಟಕಿಗೆ ಬಂದು ನಿಂತಿದ್ದರು. ಮೇಷ್ಟ್ರ ಮುಖ ಕೆಂಪಾಯಿತು, ದನಿ ಏರಲಿಲ್ಲ.

"ನಾನೂ ಎರಡು ಸಲ ಡುಮ್ಕಿ ಹೊಡ್ದೋನೇ ಅಣ್ಣ. ನಮ್ಮ ಶಾಲೆಯವರು ನಂಗೆ ಟಿಸಿ ಕೊಟ್ಟಿದ್ರೆ ಇವತ್ತು ಕುರಿ ಹಿಂದೆ ಇರ್ತಿದ್ದೆ."

"ಅಲ್ಲೇ ಇರ್ಬೇಕಿತ್ತು" ಎಂದುಬಿಟ್ಟೆ.

ಗಗನಾ ಶಾಲೆಯಲ್ಲಿ ಉಳಿದಳು. ರಕ್ಷಾಳ ಟಿಸಿ ನನ್ನ ಕೈಗೆ ಬಂತು. ಶಾಲೆ ಬಿಡಲು ಕಾರಣ ಎಂಬ ಕಡೆ "ಪೋಷಕರ ಕೋರಿಕೆಯ ಮೇರೆಗೆ" ಎಂದಿತ್ತು. ಅದನ್ನು ಹಾಗೆ ಬರೆಸಿದ್ದೂ ನಾನೇ. ಅಂಗಡಿಯ ಡ್ರಾಯರಿನಲ್ಲಿಟ್ಟೆ. ಅದು ಮೋಟಾರುಗಳು ಸಾಲುಸಾಲಾಗಿ ಸುಡುವ ಕಾಲ. ನಾಳೆ ಹೋಗೋಣ, ನಾಡಿದ್ದು ಹೋಗೋಣ ಎನ್ನುವಷ್ಟರಲ್ಲಿ ಫಾರಂ ತುಂಬುವ ಕೊನೆಯ ದಿನ ಕಳೆದುಹೋಯಿತು. ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ರಕ್ಷಾ ಕಾಕಡ ಹೂವು ಬಿಡಿಸುವ ಕೂಲಿಗೆ ಹೋಗತೊಡಗಿದಳು. ದಾರಿಯಲ್ಲಿ ಸಿಕ್ಕರೆ "ಮಾವ, ಊಟ ಆಯ್ತಾ" ಅನ್ನುವಳು. ನಾನು ತಂತಿ ಸುತ್ತುವುದರಲ್ಲಿ ಮುಳುಗಿದವನಂತೆ ತಲೆ ಎತ್ತುತ್ತಿರಲಿಲ್ಲ.

ಆ ವರ್ಷ ಹದಿನೆಂಟು ಮಕ್ಕಳಲ್ಲಿ ಹದಿನಾರು ಪಾಸು. ಎಂಬತ್ತೆಂಟು ದಾಟಿತು. ಅದೇ ಅಧಿಕಾರಿ ಮಧುಗಿರಿಯಲ್ಲಿ ನನಗೆ ಶಾಲು ಹೊದಿಸಿದರು. ಗಗನಾ ಮೂರು ಮಾರ್ಕ್ಸು ಕಮ್ಮಿಯಾಗಿ ಗಣಿತದಲ್ಲಿ ಫೇಲಾಗಿದ್ದಳು, ಹಾಗಾಗಿ ಮೇಷ್ಟ್ರಿಗೆ ನೋಟೀಸು. ಅವಳು ಎರಡನೇ ಪರೀಕ್ಷೆಯಲ್ಲಿ ಪಾಸಾದಾಗ ಮೇಷ್ಟ್ರು ಆ ಅಂಕಪಟ್ಟಿಯ ಜೆರಾಕ್ಸನ್ನೇ ಉತ್ತರವಾಗಿ ಲಗತ್ತಿಸಿ ಕಳಿಸಿದರು. ಅದೇ ತಿಂಗಳು ಪಾವಗಡದ ಕಡೆ ವರ್ಗ ಮಾಡಿಸಿಕೊಂಡು ಹೋದರು. ನಾನು ಬೀಳ್ಕೊಡುಗೆಗೂ ಹೋಗಲಿಲ್ಲ.

ಹೋದ ನವೆಂಬರಿನ ಒಂದು ಭಾನುವಾರ ಅಂಗಡಿಯ ಮುಂದೆ ಬೈಕಿನ ಸದ್ದಾಯಿತು. ಮೇಷ್ಟ್ರು ಇಳಿದರು, ಹಿಂದೆ ರಕ್ಷಾ. ಇಬ್ಬರ ತಲೆಯ ಮೇಲೂ ಧೂಳು.

"ಟಿಸಿ ಕೊಡಿ ರಂಗೇಶಣ್ಣ, ಪ್ರೈವೇಟ್ ಕಟ್ಟಿಸ್ಬೇಕು. ಇನ್ನು ನಾಲ್ಕೇ ದಿನ ಇರೋದು."

ವರ್ಗವಾಗಿ ಹೋದ ಮೇಲೂ ದಿನಾ ನಾಲ್ಕೂವರೆಗೆ ನರಸಿಂಹಮ್ಮನ ಫೋನಿಗೆ ಅವರು ಮಿಸ್ಡ್ ಕಾಲ್ ಕೊಡುತ್ತಿದ್ದರಂತೆ. ಹೂವಿಗೆ ಹೋಗುವ ಮೊದಲು ಹುಡುಗಿ ಒಂದು ಗಂಟೆ ಓದುತ್ತಿದ್ದಳಂತೆ. ಎರಡು ಮನೆ ಆಚೆ ಇರುವ ನನಗೆ ಇದೊಂದೂ ಗೊತ್ತಿರಲಿಲ್ಲ.

ನಾಚಿಕೆ ಬಂದಾಗಲೂ ನನಗೆ ಮೊದಲು ಬರುವುದು ಸಿಟ್ಟೇ. "ಒಂದ್ ವರ್ಷದ್ ಹಿಂದಿನ ಕಾಗ್ದ ಎಲ್ಲಿಟ್ಟಿದ್ದೀನೋ, ಹುಡುಕ್ಬೇಕು" ಎಂದು ಗದರಿದೆ.

ರಕ್ಷಾ ಮೆಲ್ಲಗೆ ಹೇಳಿದಳು: "ಎಡಗಡೆ ಡ್ರಾಯರಲ್ಲೈತೆ ಮಾವ. ಬಿಲ್ ಬುಕ್ಕಿನ ಕೆಳಗೆ. ನೀನು ಇಟ್ಟಿದ್ದು ಅವತ್ತೇ ಅಂಗ್ಡಿ ಬಾಗ್ಲಲ್ಲಿ ನಿಂತು ನೋಡಿದ್ದೆ."

ಅಲ್ಲೇ ಇತ್ತು. ಅವಳಿಗೆ ಅಷ್ಟು ದಿನವೂ ಗೊತ್ತಿತ್ತು. ಊಟ ಆಯ್ತಾ ಎಂದು ಕೇಳಿದಾಗಲೆಲ್ಲ ಗೊತ್ತಿತ್ತು. ಟಿಸಿಯ ಮೇಲೆ ನನ್ನ ಗ್ರೀಸಿನ ಬೆರಳ ಗುರುತು ಕೂತಿತ್ತು. ಮೇಷ್ಟ್ರು ಅದನ್ನು ಅಂಗಿಯ ತುದಿಯಿಂದ ಒರೆಸಿ, ಕಾರಣದ ಸಾಲು ಓದಿ, ಮಡಚಿ ಜೇಬಿಗಿಟ್ಟರು.

"ಮೇಷ್ಟ್ರೇ, ಅವತ್ತು ಅಂಗಳದಲ್ಲಿ ನಾನು..."

"ಅದಿರ್ಲಿ ಬಿಡಿ. ಒಂದು ಲೆಕ್ಕ ಹೇಳ್ತೀನಿ. ಆ ವರ್ಷ ಇವಳು ಪರೀಕ್ಷೆಗೆ ಕೂತು ಫೇಲಾಗಿದ್ರೂ ಹತ್ತೊಂಬತ್ತಕ್ಕೆ ಹದಿನಾರು. ಎಂಬತ್ನಾಲ್ಕು. ನಿಮ್ಮ ಶಾಲು ಎಲ್ಲಿಗೂ ಹೋಗ್ತಿರ್ಲಿಲ್ಲ."

"ಮಧುಗಿರಿಗೆ ನಾನೇ ಕರ್ಕೊಂಡೋಗಿ ಕಟ್ಟಿಸ್ತೀನಿ" ಎಂದೆ.

"ಬ್ಯಾಡ ಬುಡು ಮಾವ. ಮೇಷ್ಟ್ರು ರಜ ಹಾಕ್ಕಂಡು ಬತ್ತವ್ರೆ" ಎಂದಳು ರಕ್ಷಾ. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಬೈಕು ಹತ್ತುವಾಗ ಮೇಷ್ಟ್ರು ತಿರುಗಿದರು. "ಅಲ್ಲಿ ಈ ಸಲ ನಂಗೆ ಹನ್ನೊಂದು ದತ್ತು ಮಕ್ಕಳು. ಎಲ್ಲರನ್ನೂ ಎಬ್ಬಿಸೋ ಹೊತ್ಗೆ ಐದಾಗುತ್ತೆ. ಇವಳಿಗೆ ನಾಲ್ಕೂವರೆಗೆ ಇನ್ಮೇಲೆ ನೀವು ಕೊಡ್ತೀರಾ?"

ಕೊಡುತ್ತಿದ್ದೇನೆ. ಫಾರಂ ಕಟ್ಟಿಯಾಗಿದೆ, ಮಾರ್ಚಿಗೆ ಪರೀಕ್ಷೆ. ನಾಲ್ಕೂವರೆಗೆ ಎದ್ದು ಮಿಸ್ಡ್ ಕಾಲ್ ಕೊಟ್ಟು ಕಾಯುತ್ತೇನೆ. ಮೇಷ್ಟ್ರಿಗೆ ವಾಪಸ್ ಕೊಡುತ್ತಿದ್ದ ಹುಡುಗಿ ನನಗೆ ಈವರೆಗೆ ಒಮ್ಮೆಯೂ ಕೊಟ್ಟಿಲ್ಲ. ಕೇಳುವ ಬಾಯಿ ನನಗಿಲ್ಲ. ಹೊರಗೆ ಬಂದು ಅವರ ಮನೆಯ ಕಡೆ ನೋಡುತ್ತೇನೆ. ಲೈಟು ಹತ್ತಿರುತ್ತದೆ.